ಕಾಂಟಿನೆಂಟಲ್ ಅಂದರೆ ಸಿಂಗರಿಸಿದ ಫೋರ್ಡೇ?

ಪ್ರಶ್ನೆ: ಮಿಷಿಗನ್‌ನಲ್ಲಿರುವ ಮಗಳ ಮನೆಗೆ ಬಂದಿದ್ದೇವೆ. ಮೊನ್ನೆ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂಗೆ ಹೋದಾಗ ಅಧ್ಯಕ್ಷ ಕೆನಡಿ ಗುಂಡೇಟು ತಿಂದ ಲಿಂಕನ್ ಕಾಂಟಿನೆಂಟಲ್ ಕಾರು ನೋಡಿದೆವು. ಕಪ್ಪು ಬಣ್ಣ, ಮೇಲೆ ಗಟ್ಟಿ ಚಾವಣಿ. ಅವರು ತೆರೆದ ಕಾರಿನಲ್ಲಿ ಹೋಗುತ್ತಿದ್ದರು ಎಂದೇ ಓದಿದ ನೆನಪು. ಹಿಂದಿನ ಬಾಗಿಲು ನಮ್ಮ ಕಾರುಗಳಿಗೆ ಉಲ್ಟಾ ತೆರೆಯುವಂತಿದೆ, ಯಾಕೆ? "ಲಿಂಕನ್ ಅಂದರೆ ಫೋರ್ಡ್ ಕಾರಿಗೇ ಒಡವೆ ಹಾಕಿ ಜಾಸ್ತಿ ದುಡ್ಡಿಗೆ ಮಾರಿದ್ದು, ಅಷ್ಟೇ" ಅನ್ನುತ್ತಾನೆ ಅಳಿಯ. ಹೌದೇ? ಇಷ್ಟು ಹೆಸರು ಮಾಡಿದ ಮಾಡೆಲ್ ಈಗ ಯಾಕೆ ಬರುತ್ತಿಲ್ಲ?

ಉತ್ತರ: ಚಾವಣಿಯ ವಿಷಯ ಸುಲಭ, ಅದನ್ನು ಮೊದಲು ಮುಗಿಸೋಣ. ನೀವು ಓದಿದ್ದೂ ಸರಿ, ನೋಡಿದ್ದೂ ಸರಿ. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಆ ಕಾರಿನ ಬಣ್ಣ ಕಡು ನೀಲಿ. ಕೆನಡಿಯವರ ತಲೆಯ ಮೇಲೆ ಆಕಾಶ ಬಿಟ್ಟರೆ ಏನೂ ಇರಲಿಲ್ಲ. ಬೇಕೆಂದಾಗ ಜೋಡಿಸಬಹುದಾದ ಪಾರದರ್ಶಕ ಪ್ಲಾಸ್ಟಿಕ್ ಚಾವಣಿಯೊಂದಿತ್ತು. ಅದು ತಡೆಯುತ್ತಿದ್ದದ್ದು ಮಳೆಯನ್ನು, ಗುಂಡನ್ನಲ್ಲ. ಅಂದು ಬಿಸಿಲಿತ್ತು, ಹಾಗಾಗಿ ಅದನ್ನೂ ಹಾಕಿರಲಿಲ್ಲ.

ಅಂಥ ಕಾರನ್ನು ಗುಜರಿಗೆ ಹಾಕಿರಬೇಕು ಎಂದುಕೊಳ್ಳುವವರೇ ಹೆಚ್ಚು. ಸರ್ಕಾರ ಮಾಡಿದ್ದೇ ಬೇರೆ. ಮೊದಲು ಈ ಕಾರನ್ನು ಕತ್ತರಿಸಿ ಮೂರೂವರೆ ಅಡಿಯಷ್ಟು ಉದ್ದ ಮಾಡಿಕೊಟ್ಟಿದ್ದು ಓಹಾಯೊ ರಾಜ್ಯದ ಸಿನ್ಸಿನಾಟಿಯ ಹೆಸ್ ಅಂಡ್ ಐಸೆನ್‌ಹಾರ್ಟ್ ಎಂಬ ಬಾಡಿ ಕಟ್ಟುವ ಕಂಪನಿ. ಹತ್ಯೆಯ ನಂತರ ಕಾರನ್ನು ಮತ್ತೆ ಅಲ್ಲಿಗೇ ಕಳಿಸಿದರು. ರಕ್ಷಾಕವಚ, ಗುಂಡು ತೂರದ ಗಾಜು, ಕಾಯಂ ಚಾವಣಿ ಎಲ್ಲ ಬಂತು. ಆ ನೀಲಿ ಬಣ್ಣ ನೋಡಿದರೆ ಜನಕ್ಕೆ ಡಲ್ಲಾಸ್ ನೆನಪಾಗುತ್ತದೆಂದು, ಕೆನಡಿ ನಂತರ ಅಧ್ಯಕ್ಷರಾದ ಜಾನ್ಸನ್ ಕಪ್ಪು ಬಳಿಸಿದರು. 1964ರಲ್ಲಿ ಕೆಲಸಕ್ಕೆ ಮರಳಿದ ಕಾರು ಜಾನ್ಸನ್, ನಿಕ್ಸನ್, ಜೆರಾಲ್ಡ್ ಫೋರ್ಡ್, ಕಾರ್ಟರ್ ಹೀಗೆ ಇನ್ನೂ ನಾಲ್ವರು ಅಧ್ಯಕ್ಷರ ಕಾಲ ಕಂಡು, 1977ರಲ್ಲಿ ನಿವೃತ್ತಿಯಾಯಿತು. ಫೋರ್ಡ್ ಕಂಪನಿ ಅದನ್ನು ಸರ್ಕಾರಕ್ಕೆ ಮಾರಿಯೇ ಇರಲಿಲ್ಲ, ವರ್ಷಕ್ಕೆ 500 ಡಾಲರ್ ಎಂಬ ಹೆಸರಿಗಷ್ಟೇ ಬಾಡಿಗೆಗೆ ಕೊಟ್ಟಿತ್ತು. ಹಾಗಾಗಿ ಕೆಲಸ ಮುಗಿದ ಮೇಲೆ ಅದು ಡಿಯರ್‌ಬಾರ್ನ್‌ಗೇ ವಾಪಸ್ ಬಂತು.

ಬಾಗಿಲಿಗೆ ಬರುವ ಮುನ್ನ ನಿಮ್ಮ ಅಳಿಯಂದಿರ ಮಾತಿಗೆ ಉತ್ತರಿಸಬೇಕು. ಬಾಗಿಲಿನ ಕಥೆ ಹುಟ್ಟುವುದೇ ಅಲ್ಲಿಂದ. ಅವರು ಹೇಳಿದ್ದು ಮುಕ್ಕಾಲು ಪಾಲು ಸರಿ. ಕಾಂಟಿನೆಂಟಲ್ ಹೆಸರಿನಲ್ಲಿ ಬಂದ ಕಾರುಗಳಲ್ಲಿ ಮುಖ್ಯವಾದವೆಲ್ಲ ಒಂದಲ್ಲ ಒಂದು ಅಗ್ಗದ ಕಾರಿನಿಂದ ಸಾಲ ತಂದವೇ. ಪೂರ್ತಿ ಸ್ವಂತದ್ದು ಅನ್ನಬಹುದಾದದ್ದು ಒಂದು ಬಂತು, ಅದರಲ್ಲಿ ಕಂಪನಿ ಕೈ ಸುಟ್ಟುಕೊಂಡಿತು. ಆದ್ದರಿಂದ ನಾನು ಒಂದು ಕಾಂಟಿನೆಂಟಲನ್ನು ಅಳೆಯುವಾಗ, ತಳ ಯಾವ ಕಾರಿನದು ಎಂದು ಕೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಸಾಲ ತಂದ ಸಾಮಾನಿನಿಂದ ಏನು ಮಾಡಿದರು ಎಂದು ನೋಡುತ್ತೇನೆ.

ಲಿಂಕನ್ ಕಂಪನಿಯೇ ಫೋರ್ಡ್‌ನ ಸ್ವಂತ ಕೂಸಲ್ಲ. 1917ರಲ್ಲಿ ಹೆನ್ರಿ ಲೆಲೆಂಡ್ ಎಂಬ ಹಿರಿಯ ಇಂಜಿನಿಯರ್ ಮಗ ವಿಲ್ಫ್ರೆಡ್ ಜೊತೆ ಸೇರಿ ಮೊದಲ ಮಹಾಯುದ್ಧದ ವಿಮಾನಗಳಿಗೆ ಲಿಬರ್ಟಿ ಇಂಜಿನ್ ಮಾಡಿಕೊಡಲು ಅದನ್ನು ಶುರು ಮಾಡಿದರು. ತಾನು ಮೊಟ್ಟಮೊದಲು ಮತ ಹಾಕಿದ ಅಧ್ಯಕ್ಷ ಅಬ್ರಹಾಂ ಲಿಂಕನ್ ಎಂಬ ಅಭಿಮಾನಕ್ಕೆ ಆ ಹೆಸರು. ಲಿಂಕನ್‌ನ ಹುಟ್ಟು ಎದುರಾಳಿ ಕ್ಯಾಡಿಲಾಕನ್ನು 1902ರಲ್ಲಿ ಕಟ್ಟಿದವರೂ ಇದೇ ಲೆಲೆಂಡ್! ಯುದ್ಧ ಮುಗಿದ ಮೇಲೆ ಕಾರು ಮಾಡಲು ಹೋಗಿ ದಿವಾಳಿಯಾದರು. 1922ರ ಫೆಬ್ರವರಿಯಲ್ಲಿ ಹೆನ್ರಿ ಫೋರ್ಡ್ 80 ಲಕ್ಷ ಡಾಲರಿಗೆ ಕಂಪನಿಯನ್ನು ಕೊಂಡರು. ಕೆಲವೇ ತಿಂಗಳಲ್ಲಿ ಅಪ್ಪ ಮಗ ಇಬ್ಬರೂ ಹೊರಗೆ.

ಹೆನ್ರಿಗೆ ಐಷಾರಾಮಿ ಕಾರಿನ ಗೀಳು ಇರಲಿಲ್ಲ. ಅದಿದ್ದದ್ದು ಒಬ್ಬನೇ ಮಗ ಎಡ್ಸೆಲ್‌ಗೆ. 1919ರಲ್ಲೇ ಎಡ್ಸೆಲ್ ಕಂಪನಿಯ ಅಧ್ಯಕ್ಷ, ಆದರೆ ಲಗಾಮು ಅಪ್ಪನ ಕೈಲೇ ಇತ್ತು. ಲಿಂಕನ್ ಒಂದರಲ್ಲಿ ಮಾತ್ರ ಮಗನ ಮಾತು ನಡೆಯುತ್ತಿತ್ತು. 1938ರಲ್ಲಿ ಯುರೋಪ್ ಸುತ್ತಿ ಬಂದ ಎಡ್ಸೆಲ್, ಅಲ್ಲಿಯ ರೀತಿಯ ಒಂದು ಕಾರು ತನ್ನ ಸ್ವಂತಕ್ಕೆ ಬೇಕು ಎಂದು ಡಿಸೈನರ್ ಬಾಬ್ ಗ್ರೆಗರಿಯನ್ನು ಕೇಳಿದರು. ಗ್ರೆಗರಿ ಮೊದಲು ವಿಹಾರ ದೋಣಿಗಳ ವಿನ್ಯಾಸ ಮಾಡುತ್ತಿದ್ದವರು. ಆಗ ಮಾರುಕಟ್ಟೆಯಲ್ಲಿದ್ದ ಲಿಂಕನ್ ಜೆಫಿರ್ ಕಾರಿನ ನಕ್ಷೆಯನ್ನೇ ಎದುರಿಗಿಟ್ಟುಕೊಂಡು, ಬಾನೆಟ್ ಉದ್ದ ಎಳೆದು, ಬಾಡಿಯ ಎತ್ತರ ತಗ್ಗಿಸಿ, ಡಿಕ್ಕಿಯನ್ನು ಮೋಟು ಮಾಡಿದರು. ಅಷ್ಟು ಮೋಟಾದ ಡಿಕ್ಕಿಯ ಬೆನ್ನಿಗೆ, ಹೊರಗಡೆ, ಸ್ಟೆಪ್ನಿಯನ್ನು ನೆಟ್ಟಗೆ ನಿಲ್ಲಿಸಿದರು. ಈ ಸ್ಟೆಪ್ನಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದರ ಕೆಲಸವಿದೆ.

1939ರ ಮಾರ್ಚ್‌ನಲ್ಲಿ ಆ ಒಂದೇ ಒಂದು ಕಾರು ಫ್ಲಾರಿಡಾದಲ್ಲಿ ರಜೆಯಲ್ಲಿದ್ದ ಎಡ್ಸೆಲ್‌ರನ್ನು ತಲುಪಿತು. ನೋಡಿದ ಸ್ನೇಹಿತರೆಲ್ಲ ನಮಗೂ ಒಂದು ಎಂದರು. 1940ರ ಮಾಡೆಲ್ಲಾಗಿ ಮಾರಾಟಕ್ಕೆ ಬಂದಾಗ ತಗಡು ಒತ್ತುವ ಅಚ್ಚುಗಳೂ ಸಿದ್ಧವಿರಲಿಲ್ಲ. ಜೆಫಿರ್‌ನ ತಗಡುಗಳನ್ನು ಕತ್ತರಿಸಿ, ಕೈಯಲ್ಲೇ ಬಡಿದು, ಬೆಸುಗೆ ಹಾಕಿ, ಸಂದುಗಳಿಗೆ ಸೀಸ ತುಂಬಿ ನಯ ಮಾಡುತ್ತಿದ್ದರು. ಇಂಜಿನ್ 12 ಸಿಲಿಂಡರಿನದು, ಆದರೆ ಫೋರ್ಡ್‌ನ ಅಗ್ಗದ ಎಂಟು ಸಿಲಿಂಡರಿನ ಇಂಜಿನ್ ವಿ8ರ ವಂಶದ್ದು. ಬಿಸಿಯೇರುವುದು, ಆಯಿಲ್ ಕೆಸರು ಕಟ್ಟುವುದು ಅದಕ್ಕೆ ಹುಟ್ಟಿನಿಂದಲೇ ಬಂದ ರೋಗ. ಇಷ್ಟಾದರೂ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಒಂದನ್ನು ಕೊಂಡು ತಮ್ಮ ಇಷ್ಟದ ಕೆಂಪು ಬಳಿಸಿಕೊಂಡರು. 1951ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯ ಎಂಟು ಕಾರುಗಳನ್ನು ಆರಿಸಿ ಪ್ರದರ್ಶನಕ್ಕಿಟ್ಟಾಗ 1941ರ ಕಾಂಟಿನೆಂಟಲ್ ಅವುಗಳಲ್ಲೊಂದು. ಅಳಿಯಂದಿರಿಗೆ ಹೇಳಿ: ಒಳಗೆ ಫೋರ್ಡ್, ಹೊರಗೆ ಕಲೆ. ಎಡ್ಸೆಲ್ 1943ರಲ್ಲಿ 49ನೇ ವಯಸ್ಸಿಗೇ ತೀರಿಕೊಂಡರು. ಕಾರು 1948ರಲ್ಲಿ ನಿಂತಿತು. ಯುದ್ಧದ ಬಿಡುವನ್ನೂ ಸೇರಿಸಿ ಅಷ್ಟು ವರ್ಷಗಳಲ್ಲಿ ಮಾಡಿದ್ದು 5,300ರ ಆಸುಪಾಸು.

ಇನ್ನು ಸಾಲವಿಲ್ಲದ ಆ ಒಂದು ಕಾರು. 1955ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಕಾಂಟಿನೆಂಟಲ್ ಮಾರ್ಕ್ 2 ಅನಾವರಣವಾಯಿತು. ಮುಂದೆ ನಿಂತು ಮಾಡಿಸಿದ್ದು ಎಡ್ಸೆಲ್‌ರ ಕಿರಿಯ ಮಗ ವಿಲಿಯಂ ಕ್ಲೇ ಫೋರ್ಡ್. ಅದರ ಮೇಲೆ ಲಿಂಕನ್ ಎಂಬ ಹೆಸರೂ ಇಲ್ಲ, ಕಾಂಟಿನೆಂಟಲ್ ಎಂಬ ಬೇರೆ ವಿಭಾಗವನ್ನೇ ತೆರೆದಿದ್ದರು. ಬೆಲೆ 10,000 ಡಾಲರ್‌ಗೆ ಹತ್ತಿರ. ಆ ದುಡ್ಡಿಗೆ ಸಾಧಾರಣ ಫೋರ್ಡ್ ನಾಲ್ಕು ಬಂದು ಇನ್ನೂ ಚಿಲ್ಲರೆ ಉಳಿಯುತ್ತಿತ್ತು. ಕ್ರೋಮ್ ಕಡಿಮೆ, ಗೆರೆ ಕಡಿಮೆ. ಪೆಟ್ರೋಲ್ ಹಾಕುವ ಬಾಯಿ ಎಲ್ಲಿದೆ ಎಂದು ಬಂಕಿನ ಹುಡುಗ ಕಾರು ಸುತ್ತಿ ಹುಡುಕಬೇಕು, ಅದನ್ನು ಎಡಗಡೆಯ ಹಿಂದೀಪದ ಹಿಂದೆ ಬಚ್ಚಿಟ್ಟಿದ್ದರು. ಡಿಕ್ಕಿಯ ಮುಚ್ಚಳದ ಮೇಲೆ ಗುಂಡಗೆ ಒಂದು ಉಬ್ಬು. ಒಳಗೆ ನಿಜವಾಗಿಯೂ ಸ್ಟೆಪ್ನಿ ನಿಂತಿರುತ್ತಿತ್ತು. ಎಲ್ವಿಸ್ ಪ್ರೆಸ್ಲಿ, ಫ್ರಾಂಕ್ ಸಿನಾಟ್ರಾ ಕೊಂಡರು. ಮಾರಿದ ಪ್ರತಿ ಕಾರಿಗೂ ಕಂಪನಿಗೆ ಸುಮಾರು 1,000 ಡಾಲರ್ ನಷ್ಟ. 1956ರ ಜನವರಿಯಲ್ಲಿ ಫೋರ್ಡ್ ತನ್ನ ಷೇರುಗಳನ್ನು ಸಾರ್ವಜನಿಕರಿಗೆ ಮಾರಿತು. ಮನೆತನದ ಮರ್ಯಾದೆಗಾಗಿ ನಷ್ಟ ಹೊರುವ ಕಾಲ ಅಲ್ಲಿಗೆ ಮುಗಿಯಿತು. ಸುಮಾರು 3,000 ಕಾರು ಮಾಡಿ 1957ರಲ್ಲಿ ಬಾಗಿಲು ಹಾಕಿದರು.

1958ರಿಂದ 60ರವರೆಗಿನ ಕಾಂಟಿನೆಂಟಲ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 19 ಅಡಿ ಉದ್ದ, ಓರೆ ಹೆಡ್‌ಲೈಟು, ಎಲ್ಲೆಂದರಲ್ಲಿ ಉಬ್ಬುತಗ್ಗು. ಆರ್ಥಿಕ ಹಿಂಜರಿತದ ವರ್ಷ ಬಂದವು, ಸೋತವು. ಮೂರು ವರ್ಷದ ಲಿಂಕನ್ ನಷ್ಟ ಆರು ಕೋಟಿ ಡಾಲರ್ ಎಂದು ಲೆಕ್ಕ ಹಾಕಿದವರಿದ್ದಾರೆ. ಹತ್ತು ವರ್ಷ ಕಳೆದ ಮೇಲೆ ಕಂಪನಿ ಇವುಗಳ ಹೆಸರನ್ನೇ ಅಳಿಸಲು ನೋಡಿತು, ಆ ತಮಾಷೆ ಮುಂದೆ ಹೇಳುತ್ತೇನೆ.

ಇಲ್ಲಿ ರಾಬರ್ಟ್ ಮ್ಯಾಕ್ನಮಾರಾ ಬರುತ್ತಾರೆ. ಯುದ್ಧಕಾಲದಲ್ಲಿ ವಾಯುಪಡೆಯಲ್ಲಿ ಅಂಕಿಸಂಖ್ಯೆ ನೋಡಿಕೊಳ್ಳುತ್ತಿದ್ದು, 1946ರಲ್ಲಿ ಫೋರ್ಡ್ ಸೇರಿದ ಮನುಷ್ಯ. ಕಾರಿನ ಮೋಹ ಸೊನ್ನೆ, ಲೆಕ್ಕವೇ ದೇವರು. ಲಿಂಕನ್‌ನ ಲೆಕ್ಕ ನೋಡಿ, ಇದನ್ನು ಯಾಕೆ ಮುಚ್ಚಬಾರದು ಎಂದು ಕೇಳುತ್ತಿದ್ದವರು. ಅದೇ ಹೊತ್ತಿಗೆ ಕಂಪನಿಯ ಸ್ಟುಡಿಯೊದಲ್ಲಿ ಎಲ್ವುಡ್ ಎಂಗೆಲ್ ಎಂಬ ಡಿಸೈನರ್ ಫೋರ್ಡ್‌ನದೇ ಇನ್ನೊಂದು ಕಾರಾದ ಥಂಡರ್‌ಬರ್ಡ್‌ನ 1961ರ ಮಾಡೆಲ್ಲಿಗಾಗಿ ಜೇಡಿಮಣ್ಣಿನಲ್ಲಿ ಒಂದು ಮಾದರಿ ಮಾಡಿದ್ದರು. ಸ್ಪರ್ಧೆಯಲ್ಲಿ ಬೇರೊಬ್ಬರ ವಿನ್ಯಾಸ ಗೆದ್ದು ಎಂಗೆಲ್‌ರದು ಮೂಲೆಗೆ ಸೇರಿತ್ತು. ಅದು ಮ್ಯಾಕ್ನಮಾರಾ ಕಣ್ಣಿಗೆ ಬಿತ್ತು. ಎರಡು ಬಾಗಿಲ ಆ ಕಾರನ್ನು ಉದ್ದ ಮಾಡಿ ನಾಲ್ಕು ಬಾಗಿಲ ಲಿಂಕನ್ ಮಾಡಲಾಗುತ್ತದೆಯೇ ಎಂದು ಅವರು ಕೇಳಿದರು. ಕೆಲವೇ ವಾರಗಳಲ್ಲಿ ಹೊಸ ಮಾದರಿ ತಯಾರಾಯಿತು. ಲಿಂಕನ್ ಉಳಿಯಿತು.

ಬೇರೆ ಕಾರಿನಿಂದ ತಿರಸ್ಕೃತವಾದ ವಿನ್ಯಾಸ, ಬ್ರ್ಯಾಂಡನ್ನೇ ಮುಚ್ಚಲು ನಿಂತವರ ಒಪ್ಪಿಗೆ, ಖರ್ಚು ಉಳಿಸಲೆಂದು ಡ್ಯಾಶ್‌ಬೋರ್ಡಿನ ಆಚೆಯ ಒಳಚೌಕಟ್ಟಿನಲ್ಲಿ ಥಂಡರ್‌ಬರ್ಡ್ ಜೊತೆ ಹಂಚಿಕೆ. ಎರಡೂ ತಯಾರಾಗುತ್ತಿದ್ದದ್ದು ಮಿಷಿಗನ್‌ನ ವಿಕ್ಸಮ್‌ನ ಒಂದೇ ಕಾರ್ಖಾನೆಯಲ್ಲಿ. ಇಷ್ಟೆಲ್ಲ ಇದ್ದೂ, ನನ್ನ ಮಟ್ಟಿಗೆ, ಅಮೆರಿಕ ಆ ದಶಕದಲ್ಲಿ ಮಾಡಿದ ಅತಿ ಸುಂದರ ಸೆಡಾನ್ ಇದೇ. ಹಿಂದಿನ ವರ್ಷದ ಕಾರಿಗಿಂತ ಒಂದಡಿಗೂ ಹೆಚ್ಚು ಗಿಡ್ಡ. ಕ್ಯಾಡಿಲಾಕ್‌ಗೆ ಇನ್ನೂ ಬಾಲದ ರೆಕ್ಕೆ ಇದ್ದ ಕಾಲದಲ್ಲಿ ಇದರ ಪಕ್ಕಗಳು ಗೋಡೆಯ ಹಾಗೆ ಚಪ್ಪಟೆ. ಮುಂದಿನ ಮಡ್‌ಗಾರ್ಡಿನ ತುದಿಯಿಂದ ಹಿಂದೀಪದವರೆಗೆ ಅಂಚಿನ ಮೇಲೆ ಒಂದೇ ಒಂದು ಹೊಳೆಯುವ ಪಟ್ಟಿ. ಸ್ಟೆಪ್ನಿಯ ಉಬ್ಬು ಇಲ್ಲವೇ ಇಲ್ಲ, ಹಳೇ ಕಾಂಟಿನೆಂಟಲ್‌ನ ನೆನಪು ತರಿಸುವ ಯಾವ ಗುರುತನ್ನೂ ಅಂಟಿಸಲಿಲ್ಲ. ಆದರೂ ಎಡ್ಸೆಲ್ ಕಾರಿನ ನಿಜವಾದ ವಾರಸುದಾರ ಅನ್ನಿಸುವುದು ಇದೊಂದೇ. ಚಿಕ್ಕದಾಗಿ ಕಂಡರೂ ಹಗುರವಲ್ಲ, ಸೆಡಾನ್ 2,200 ಕಿಲೋ ದಾಟುತ್ತದೆ. ಮುಂದೆ 7 ಲೀಟರಿನ ವಿ8.

ಈಗ ನಿಮ್ಮ ಬಾಗಿಲು. ವಿನ್ಯಾಸ ಮೂಲತಃ ಎರಡು ಬಾಗಿಲ ಕಾರಿನದು ಎಂದೆನಲ್ಲ, ಉದ್ದ ಮಾಡಿದರೂ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಸಿಕ್ಕಿದ್ದು 123 ಇಂಚು ಮಾತ್ರ, ಹಳೆಯ ಕಾರಿಗಿಂತ ಎಂಟು ಇಂಚು ಕಡಿಮೆ. ಹಿಂದಿನ ಬಾಗಿಲನ್ನು ಮಾಮೂಲಿಯಂತೆ ಮುಂದಿನ ಅಂಚಿಗೆ ಕೀಲು ಕೊಟ್ಟು ಕೂರಿಸಿದರೆ, ಇಳಿಯುವಾಗ ಕಾಲು ಹೊರಗಿಡುವ ಜಾಗದಲ್ಲೇ ಬಾಗಿಲು ಅಡ್ಡ ಬರುತ್ತದೆ. ಮಾದರಿಯಲ್ಲಿ ಕೂತು ಎದ್ದು ನೋಡಿದ ಇಂಜಿನಿಯರುಗಳ ಬೂಟು ಬಾಗಿಲಿಗೆ ತಗಲುತ್ತಲೇ ಇತ್ತಂತೆ. ಕೀಲನ್ನು ಹಿಂದಿನ ಅಂಚಿಗೆ ಹಾಕಿದ ಕೂಡಲೇ ತೊಂದರೆ ಹೋಯಿತು, ನೆಟ್ಟಗೆ ನಿಂತು ಇಳಿಯಬಹುದು. ವೈಭವಕ್ಕೆಂದು ಜನ ತಿಳಿದುಕೊಂಡದ್ದು ಜಾಗದ ಅಭಾವಕ್ಕೆ ಸಿಕ್ಕ ಪರಿಹಾರ. ಇಂಥ ಬಾಗಿಲು ಓಡುವಾಗ ತೆರೆದುಕೊಂಡರೆ ಗಾಳಿ ಅದನ್ನು ಪೂರ್ತಿ ಹಿಂದಕ್ಕೆ ಬೀಸುತ್ತದೆ, ಸೀಟ್ ಬೆಲ್ಟ್ ಇಲ್ಲದ ಕಾಲದಲ್ಲಿ ಅದು ಪ್ರಾಣಕ್ಕೇ ಸಂಚಕಾರ. ಅದಕ್ಕೇ ಬಾಗಿಲು ಸರಿಯಾಗಿ ಕೂರದಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುವಂತೆ ಮಾಡಿದ್ದರು. ಅಂದಹಾಗೆ ಎಲ್ಲ ಕಾಂಟಿನೆಂಟಲ್‌ಗೂ ಈ ಬಾಗಿಲಿಲ್ಲ, 1961ರಿಂದ 69ರವರೆಗಿನವಕ್ಕೆ ಮಾತ್ರ. ಕೊನೆಗಾಲದ ಕೆಲವೇ ಕಾರುಗಳಲ್ಲಿ ಮತ್ತೆ ತಂದರು.

ನೀವು ನೋಡಿದ ಕಾರಿನ ಮೂಲ ರೂಪ ನಾಲ್ಕು ಬಾಗಿಲ ಕನ್ವರ್ಟಿಬಲ್. ಆಗ ಅಮೆರಿಕದಲ್ಲಿ ಬೇರೆ ಯಾರೂ ಅಂಥದ್ದನ್ನು ಮಾಡುತ್ತಿರಲಿಲ್ಲ. ಅದರ ಚಾವಣಿ ಮಡಚುವುದನ್ನು ಒಮ್ಮೆ ನೋಡಬೇಕು. ಸ್ವಿಚ್ ಒತ್ತಿದರೆ ಮೊದಲು ಡಿಕ್ಕಿಯ ಮುಚ್ಚಳ ಏಳುತ್ತದೆ, ಅದೂ ನಮ್ಮ ಕಡೆಗಲ್ಲ, ಸೀಟಿನ ಕಡೆಯ ಅಂಚು ಮೇಲೆದ್ದು ಮುಚ್ಚಳ ಬಂಪರಿನ ಕಡೆ ವಾಲುತ್ತದೆ. ಬಟ್ಟೆಯ ಚಾವಣಿ ಬಿಚ್ಚಿಕೊಂಡು, ಮಡಚಿಕೊಂಡು, ಡಿಕ್ಕಿಯೊಳಗೆ ಮಲಗುತ್ತದೆ. ಮುಚ್ಚಳ ಮತ್ತೆ ಕೂತರೆ ಚಾವಣಿ ಇತ್ತೆಂಬ ಸುಳಿವೇ ಉಳಿಯುವುದಿಲ್ಲ. ಇದೂ ಸಾಲದ್ದೇ, 1957ರ ಫೋರ್ಡ್ ಸ್ಕೈಲೈನರ್‌ಗಾಗಿ ಮಾಡಿದ ತಂತ್ರ. ಮೋಟರು, ಹೈಡ್ರಾಲಿಕ್ ಪಂಪು, ರಿಲೇಗಳು, ಲಿಮಿಟ್ ಸ್ವಿಚ್ಚುಗಳ ಸರಪಳಿ. ಒಂದು ಹೆಜ್ಜೆ ಮುಗಿದ ಸುದ್ದಿ ಬಾರದೆ ಮುಂದಿನದು ಶುರುವಾಗದು. ಅರ್ಧಕ್ಕೆ ನಿಂತಿತೆಂದರೆ ಹಳೇ ಮೆಕ್ಯಾನಿಕ್‌ಗಳು ಮೋಟರಿಗೆ ಕೈ ಹಾಕುವ ಮೊದಲು ಅರ್ತಿಂಗ್ ವೈರು ಮತ್ತು ಸ್ವಿಚ್ಚಿನ ತುಕ್ಕು ನೋಡುತ್ತಾರೆ, ಹೆಚ್ಚಿನ ಸಲ ರೋಗ ಅಲ್ಲೇ. ಚಾವಣಿ ಒಳಗೆ ಹೋದ ಮೇಲೆ ಡಿಕ್ಕಿಯಲ್ಲಿ ಸೂಟ್‌ಕೇಸಿಗೆ ಜಾಗ ಇಲ್ಲ ಅಂದುಕೊಳ್ಳಿ. ಕನ್ವರ್ಟಿಬಲ್ 1967ಕ್ಕೆ ನಿಂತಿತು.

ಸುಂದರವಾಗಿದ್ದರೆ ಸಾಲದು, ಹಿಂದಿನ ಮೂರು ವರ್ಷದ ಕೆಟ್ಟ ಹೆಸರೂ ಹೋಗಬೇಕಿತ್ತು. ಪ್ರತಿ ಇಂಜಿನನ್ನೂ 3,500 ಆರ್‌ಪಿಎಂನಲ್ಲಿ ಮೂರು ಗಂಟೆ ಓಡಿಸಿ, ಬಿಚ್ಚಿ ಪರೀಕ್ಷಿಸಿ ಮತ್ತೆ ಜೋಡಿಸುತ್ತಿದ್ದರು. ಪ್ರತಿ ಕಾರನ್ನೂ 12 ಮೈಲಿ ರಸ್ತೆಯಲ್ಲಿ ಓಡಿಸಿದ ಮೇಲೇ ಶೋರೂಮಿಗೆ. ಎರಡು ವರ್ಷ ಅಥವಾ 24,000 ಮೈಲಿ ವಾರಂಟಿ ಕೊಟ್ಟರು, ಆಗ ಅದೇ ಎಲ್ಲರಿಗಿಂತ ದೊಡ್ಡದು. ಆದರೂ ಮೊದಲ ವರ್ಷ ಮಾರಿದ್ದು ಸುಮಾರು 25,000. ಅದೇ ವರ್ಷ ಕ್ಯಾಡಿಲಾಕ್ 1,38,000 ಮಾರಿತು.

ಮ್ಯಾಕ್ನಮಾರಾ ಫೋರ್ಡ್ ಕಂಪನಿಯ ಅಧ್ಯಕ್ಷರಾದದ್ದು 1960ರ ನವೆಂಬರ್ 9ರಂದು. ಕೆನಡಿ ಚುನಾವಣೆ ನಡೆದದ್ದು ಹಿಂದಿನ ದಿನ. ತಿಂಗಳು ಕಳೆಯುವಷ್ಟರಲ್ಲಿ ಕೆನಡಿ ಇವರನ್ನು ರಕ್ಷಣಾ ಸಚಿವರಾಗಲು ಕರೆದರು. ನೀವು ಮ್ಯೂಸಿಯಂನಲ್ಲಿ ನೋಡಿದ ಕಾರು ಇದ್ದದ್ದೇ ಈ ಮನುಷ್ಯ ಲಿಂಕನನ್ನು ಉಳಿಸಿದ್ದರಿಂದ. ಅದರಲ್ಲಿ ಕೂತು ಸತ್ತವರ ಸಂಪುಟದಲ್ಲಿ ಆ ಹೊತ್ತಿಗೆ ಇವರು ಸಚಿವರು. ಇದಕ್ಕೆ ಏನು ಹೇಳಬೇಕೋ ನನಗೆ ಗೊತ್ತಿಲ್ಲ.

ಅಳಿಯಂದಿರ ವಾದಕ್ಕೆ ಪಕ್ಕಾ ಸಾಕ್ಷಿ ಸಿಗುವುದು 1968ರಲ್ಲಿ. ಥಂಡರ್‌ಬರ್ಡ್‌ಗೆ ರೋಲ್ಸ್ ರಾಯ್ಸ್ ಗ್ರಿಲ್ ಹಾಕಿ ಎಂದು ಫೋರ್ಡ್ ಕಂಪನಿಯ ಹಿರಿಯ ಅಧಿಕಾರಿ ಲೀ ಐಯಕೋಕಾ ಡಿಸೈನ್ ವಿಭಾಗಕ್ಕೆ ಹೇಳಿದ್ದನ್ನು ಅವರೇ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ. ಹಾಗೆ ಬಂದದ್ದು ಕಾಂಟಿನೆಂಟಲ್ ಮಾರ್ಕ್ 3. ತಮಾಷೆಯೆಂದರೆ ಮಾರ್ಕ್ 3, 4, 5 ಎಂಬ ಹೆಸರುಗಳನ್ನು 1958ರಿಂದ 60ರ ಆ ಸೋತ ಕಾರುಗಳಿಗೆ ಆಗಲೇ ಇಟ್ಟಾಗಿತ್ತು! ಅವು ಹುಟ್ಟಿಯೇ ಇರಲಿಲ್ಲ ಎಂಬಂತೆ ಮಾರ್ಕ್ 2ರ ಪಕ್ಕದಿಂದ ಎಣಿಕೆ ಮತ್ತೆ ಶುರು ಮಾಡಿದರು. ಮುಚ್ಚಿಕೊಳ್ಳುವ ಹೆಡ್‌ಲೈಟು, ಡ್ಯಾಶ್‌ಬೋರ್ಡಿನಲ್ಲಿ ಕಾರ್ಟಿಯೇ ಗಡಿಯಾರ. ಡಿಕ್ಕಿಯ ಮೇಲೆ ಮತ್ತೆ ಗುಂಡನೆಯ ಉಬ್ಬು, ಈ ಸಲ ಅದರೊಳಗೆ ಸ್ಟೆಪ್ನಿ ಇಲ್ಲ, ಬರೀ ತಗಡು. ದುಡ್ಡೋ, ಹೊಳೆಯಾಗಿ ಹರಿಯಿತು. ಮೂರು ಮಾಡೆಲ್ ವರ್ಷದಲ್ಲಿ 79,000ಕ್ಕೂ ಹೆಚ್ಚು ಮಾರಿತು. 1976ರ ಹೊತ್ತಿಗೆ ಕಾರ್ಟಿಯೇ, ಬಿಲ್ ಬ್ಲಾಸ್, ಜಿವಾಂಶಿ, ಪುಚ್ಚಿ ಎಂದು ಫ್ಯಾಷನ್ ಮನೆಗಳ ಹೆಸರಿನಲ್ಲಿ ಬಣ್ಣ ಬಟ್ಟೆಗಳ ಜೋಡಣೆಯನ್ನು ಮಾರತೊಡಗಿದರು. ನಾಲ್ಕು ಬಾಗಿಲ ಕಾಂಟಿನೆಂಟಲ್ ಬೆಳೆಯುತ್ತಾ ಬೆಳೆಯುತ್ತಾ 1977ರಲ್ಲಿ 233 ಇಂಚು ಮುಟ್ಟಿತು, ಹೆಚ್ಚುಕಡಿಮೆ ಆರು ಮೀಟರ್. 1973ರ ತೈಲ ಬಿಕ್ಕಟ್ಟು ಬಂದು ಹೋಗಿತ್ತು, ಜನರಲ್ ಮೋಟರ್ಸ್ ತನ್ನ ಕಾರುಗಳನ್ನು ಆಗಲೇ ಗಿಡ್ಡ ಮಾಡಿತ್ತು. ಲಿಂಕನ್ 1979ರವರೆಗೂ ಜಗ್ಗಲಿಲ್ಲ, ಕೊಳ್ಳುವವರೂ ಇದ್ದರು.

ಆಮೇಲಿನದನ್ನು ಬೇಗ ಹೇಳುತ್ತೇನೆ. 1982ರಲ್ಲಿ ಫೋರ್ಡ್‌ನ ಚಿಕ್ಕ ಕಾರುಗಳ ಫಾಕ್ಸ್ ತಳದ ಮೇಲೆ ಕೂತಿತು. 1988ರಲ್ಲಿ ಟಾರಸ್ ಕಾರಿನ ತಳ, ಮುಂದಿನ ಚಕ್ರಗಳಿಗೆ ಎಳೆತ, ಆರು ಸಿಲಿಂಡರ್. ಏರ್ ಸಸ್ಪೆನ್ಷನ್ ಹಳತಾದಂತೆ ಗಾಳಿ ಬಿಟ್ಟು ಹಿಂಭಾಗ ಕುಸಿದ ಕಾರುಗಳು ಅಲ್ಲಿಯ ಬೀದಿಗಳಲ್ಲಿ ಸಾಮಾನ್ಯ ದೃಶ್ಯವಾಗಿದ್ದವು. ಈ ಕಾಲಕ್ಕೆ ಅಳಿಯಂದಿರ ಮಾತನ್ನು ನಾನು ತಕರಾರಿಲ್ಲದೆ ಒಪ್ಪುತ್ತೇನೆ. 2002ರ ಜುಲೈಗೆ ತಯಾರಿಕೆ ನಿಂತಿತು. ವಿಕ್ಸಮ್ ಕಾರ್ಖಾನೆ 2007ರಲ್ಲಿ ಮುಚ್ಚಿತು.

2017ರ ಮಾಡೆಲ್ಲಾಗಿ ಒಮ್ಮೆ ಮರಳಿ ಬಂತು. ತಳ ಫೋರ್ಡ್ ಫ್ಯೂಷನ್ ವಂಶದ್ದು, ಇಂಜಿನ್ 400 ಅಶ್ವಶಕ್ತಿಯವರೆಗೂ. ಬಾಗಿಲ ಹಿಡಿಯನ್ನು ಕಿಟಕಿಯ ಕೆಳಗಿನ ಪಟ್ಟಿಯಲ್ಲೇ ಕರಗಿಸಿಟ್ಟದ್ದು ಸೊಗಸಾಗಿತ್ತು, ಮುಟ್ಟಿದರೆ ಸಾಕು ವಿದ್ಯುತ್ ಬೀಗ ತೆರೆಯುತ್ತಿತ್ತು. ಹಿಂದಿನ ಸೀಟಿಗೆ ಬೆಲೆ ಕೊಡುವ ಚೀನಾದ ಗ್ರಾಹಕರನ್ನೂ ಮನಸ್ಸಿನಲ್ಲಿಟ್ಟು ಮಾಡಿದ ಕಾರು ಅದು. ಅಮೆರಿಕದಲ್ಲಿ 2017ರಲ್ಲಿ ಸುಮಾರು 12,000 ಹೋಯಿತು, 2019ಕ್ಕೆ 7,000ಕ್ಕಿಂತ ಕೆಳಗೆ ಇಳಿಯಿತು. 2019ರಲ್ಲಿ 80ನೇ ವರ್ಷದ ನೆನಪಿಗೆ 80 ಕಾರುಗಳನ್ನು ಆರು ಇಂಚು ಉದ್ದ ಮಾಡಿ, ಹಿಂದಕ್ಕೆ ತೆರೆಯುವ ಬಾಗಿಲು ಹಾಕಿ, ಒಂದು ಲಕ್ಷ ಡಾಲರ್ ಮೀರಿದ ಬೆಲೆಗೆ ಮಾರಿದರು. ಜಾಗ ಸಾಲದೆ ಹುಟ್ಟಿದ ಬಾಗಿಲಿಗಾಗಿ ಈಗ ಕಾರನ್ನೇ ಕೊಯ್ದು ಉದ್ದ ಮಾಡಬೇಕಾಯಿತು.

ಮಾಡೆಲ್ ಈಗ ಯಾಕಿಲ್ಲ ಎಂಬುದಕ್ಕೆ ಉತ್ತರ ಚಿಕ್ಕದು: ಅಲ್ಲಿಯ ದುಡ್ಡಿದ್ದವರು ಸೆಡಾನ್ ಕೊಳ್ಳುವುದನ್ನೇ ಬಿಟ್ಟರು. ಕಂಪನಿ ತನ್ನ ಬಂಡವಾಳವನ್ನು ನ್ಯಾವಿಗೇಟರ್, ಏವಿಯೇಟರ್‌ನಂಥ ಎಸ್‌ಯುವಿಗಳಿಗೆ ಸುರಿಯಿತು. 2020ರಲ್ಲಿ ಫ್ಲ್ಯಾಟ್ ರಾಕ್ ಕಾರ್ಖಾನೆಯಿಂದ ಕೊನೆಯ ಕಾಂಟಿನೆಂಟಲ್ ಹೊರಬಂತು. ಆಮೇಲೆ ಅಮೆರಿಕದ ಲಿಂಕನ್ ಶೋರೂಮಿನಲ್ಲಿ ಎಸ್‌ಯುವಿ ಬಿಟ್ಟು ಬೇರೇನೂ ಇಲ್ಲ.

ಇನ್ನೂ ಕೆಲವು ವಾರ ಮಗಳ ಮನೆಯಲ್ಲೇ ಇರುವುದಾದರೆ, ಅಳಿಯಂದಿರನ್ನು ಹೊರಡಿಸಿಕೊಂಡು ಕಲಾಮಜೂ ಹತ್ತಿರದ ಹಿಕರಿ ಕಾರ್ನರ್ಸ್‌ಗೆ ಹೋಗಿ ಬನ್ನಿ. ಅಲ್ಲಿಯ ಗಿಲ್ಮೋರ್ ಕಾರು ಮ್ಯೂಸಿಯಂ ಆವರಣದಲ್ಲಿ 1920ರ ದಶಕದ ಲಿಂಕನ್ ಶೋರೂಮಿನ ಮಾದರಿಯಲ್ಲೇ ಕಟ್ಟಿದ ಲಿಂಕನ್ ಸಂಗ್ರಹಾಲಯವಿದೆ. ಕಾಂಟಿನೆಂಟಲ್‌ಗಳ ಮುಂದೆ ನಿಂತಾಗ ಮುಖ ನೋಡುವ ಮೊದಲು ಬೆನ್ನ ಕಡೆ ಹೋಗಿ ಸ್ಟೆಪ್ನಿ ಎಲ್ಲಿದೆ ನೋಡಿ. ಅದು ಯಾವ ಕಾಲದ ಕಾರು, ಮಾಡಿದವರ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಫಲಕ ಓದದೆಯೇ ಅಳಿಯಂದಿರಿಗೆ ನೀವೇ ಹೇಳಬಹುದು.